ಬಿತ್ತಿದ ಹೊಲದಲ್ಲಿ ನಿನ್ನ ಅತಿಥಿಗಳು

ನೋಟ ಮಾರಿ ಬದುಕುವ ನನ್ನ ಅಣ್ಣನಿಗೆ,

ಕ್ಷೇಮ ವಿಚಾರಿಸುವುದಿಲ್ಲ. ನೀನು ಕ್ಷೇಮವಾಗಿಯೇ ಇದ್ದೀಯ, ಬೇಲಿಯಾಚೆಯಿಂದ ಕಾಣುತ್ತದೆ. ಅಪ್ಪ ಹೋದಮೇಲೆ ಹೊಲ ಎರಡು ಪಾಲಾಯಿತು. ನನ್ನ ಪಾಲಿನಲ್ಲಿ ನಾನು ಗೋಧಿ ಬಿತ್ತಿದೆ, ನಿನ್ನ ಪಾಲಿನಲ್ಲಿ ನೀನು ಅತಿಥಿಗೃಹ ಕಟ್ಟಿದೆ. ಕೊಟ್ಟಿಗೆಗೆ ಗಾಜಿನ ಬಾಗಿಲು ಬಂತು. ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಪಟ್ಟಣದವರು ಮೆತ್ತನೆ ಹಾಸಿಗೆಯ ಮೇಲೆ ಹೊರಳಿ, 'ಅಬ್ಬಾ, ಎಷ್ಟು ನೆಮ್ಮದಿ' ಅನ್ನುತ್ತಾರಂತೆ. ಎಮ್ಮೆಗೂ ಅಲ್ಲಿ ನೆಮ್ಮದಿಯೇ ಇತ್ತು, ಅದು ಹಾಲಾದರೂ ಕೊಡುತ್ತಿತ್ತು.

ನಿನ್ನ ಹಣೆಬರಹ ಎಂದು ಸುಮ್ಮನಿದ್ದೆ. ಆದರೆ ಮೊನ್ನೆ ನಾನು ಪೇಟೆಗೆ ಹೋಗಿದ್ದಾಗ ಬಾಡಿಗೆ ಎತ್ತು ತಂದು, ಹುಲ್ಲಿನ ಟೋಪಿ ಹಾಕಿಕೊಂಡ ಅತಿಥಿಗಳ ಕೈಗೆ ನೇಗಿಲು ಕೊಟ್ಟು, ನನ್ನ ಹೊಲಕ್ಕೆ ಇಳಿಸಿದೆಯಲ್ಲ! ಕೇಳಿದರೆ ಏನಂದೆ? 'ಖಾಲಿ ಬಿದ್ದಿತ್ತಲ್ಲಮ್ಮ, ಫೋಟೋಗೆ ಅಂತ ನಾಲ್ಕು ಸಾಲು ಹೊಡೆಸಿದೆ. ಅದಕ್ಯಾಕೆ ಊರೆಲ್ಲಾ ಕೇಳೋ ಹಾಗೆ ಕೂಗ್ತೀಯ?'

ಖಾಲಿಯಂತೆ! ನಾಲ್ಕೇ ಸಾಲಂತೆ! ಹೊಲದ ಉದ್ದಗಲಕ್ಕೂ ಗೀರಿಹಾಕಿದ್ದಾರೆ. ಥೂ, ನಾಚಿಕೆಯಾಗಬೇಕು ನಿನಗೆ. ಅದು ಬಿತ್ತಿದ ಹೊಲ, ಮೊಳಕೆ ಏಳಲು ಒಂದೇ ದಿನ ಬಾಕಿಯಿತ್ತು. ಮೊಳಕೆ ಮೇಲೇಳುವ ಹಿಂದಿನ ದಿನ ಮಣ್ಣಿನಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲುಸಾಲಾಗಿ ಬಿಡುತ್ತವೆ. ಅಪ್ಪ ನಮ್ಮಿಬ್ಬರನ್ನೂ ಬದುವಿನ ಮೇಲೆ ಕೂರಿಸಿಕೊಂಡು, 'ಇವತ್ತು ಯಾರೂ ಕಾಲಿಡಬೇಡಿ, ಒಳಗೆ ಎದ್ದಿದಾವೆ' ಅನ್ನುತ್ತಿದ್ದರು. ಮೊದಲ ಬಿರುಕು ಕಂಡು ಕುಣಿಯುತ್ತಿದ್ದವನು ನೀನೇ. ಮರುದಿನ ಇಡೀ ಹೊಲಕ್ಕೆ ತೆಳ್ಳಗೆ ಹಸಿರು ಹತ್ತಿರುತ್ತಿತ್ತು, ಓರೆ ಬಿಸಿಲಿಗೆ ಒಂದೊಂದು ಮೊಳಕೆಯ ತುದಿಯಲ್ಲೂ ಒಂದು ಹನಿ. ಅದಕ್ಕಿಂತ ಚೆಂದದ್ದನ್ನು ನಾನು ಈವರೆಗೆ ಕಂಡಿಲ್ಲ. ನಿನ್ನ ಗೋಡೆಯ ತುಂಬ ಹೊಲದ ಚಿತ್ರಗಳನ್ನು ತೂಗುಹಾಕಿದ್ದೀಯ, ಎದುರಿಗಿದ್ದ ಹೊಲ ಮಾತ್ರ ಕಣ್ಣಿಗೆ ಬೀಳಲಿಲ್ಲ. ಆ ಅತಿಥಿಗಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವರಿಗೇನು ಗೊತ್ತು? ನಿನಗೇನು ಧಾಡಿ?

ಅಷ್ಟು ಸಾಲದೆಂದು ಸಂಜೆ ನನ್ನ ಜಗಲಿಗೇ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದೆ: 'ಹೇಗೂ ಈ ಸಲದ ಬೆಳೆ ಹೋಯ್ತು. ನಿನ್ನ ಪಾಲೂ ನನಗೇ ಕೊಟ್ಬಿಡು. ಸುತ್ತಮುತ್ತ ಎಲ್ರೂ ಬಿಟ್ಟಾಯ್ತು, ನೀನೊಬ್ಳು ಅದೇನು ಕಡಿದು ಕಟ್ಟೆ ಹಾಕ್ತೀಯ? ನಮ್ಮ ಅಂಗಳದಲ್ಲಿ ಮೊರ ಹಿಡ್ಕೊಂಡು ಕೂತ್ಕೋ, ಬಂದವರು ನೋಡ್ತಾರೆ.'

ಎಲ್ಲರೂ ಬಿಟ್ಟದ್ದು ನಿಜ. ಮೇಲಿನ ಹೊಲದಲ್ಲಿ ಚಿಕ್ಕಪ್ಪನ ಮಕ್ಕಳ ಗೋದಾಮು ಎದ್ದಿದೆ. ಹಳ್ಳದಾಚೆಯ ಅಣ್ಣತಮ್ಮಂದಿರು ಕಿತ್ತಾಡಿಕೊಂಡು ಪಾಳು ಬಿಟ್ಟರು. ಅವರನ್ನು ನೆನೆದರೆ ಸಂಕಟವಾಗುತ್ತದೆ. ನಿನ್ನನ್ನು ನೆನೆದರೆ ಹೇಸಿಗೆಯಾಗುತ್ತದೆ. ಬೇಸಾಯ ಬಿಟ್ಟವನು ಬೇಸಾಯಗಾರನ ವೇಷ ಹಾಕಿಕೊಂಡು, ತಂಗಿಗೂ ಒಂದು ವೇಷ ಹೊಲಿಸಲು ಬಂದಿದ್ದೀಯ. ನಾನು ನಿನ್ನ ಅಂಗಳದ ಬೊಂಬೆಯಾಗುವುದಿಲ್ಲ. ಹೊಲ ಕೊಡುವುದಿಲ್ಲ. ಇನ್ನೊಮ್ಮೆ ಕೇಳಲು ಬಂದರೆ ಜಗಲಿಯನ್ನೂ ಹತ್ತಿಸುವುದಿಲ್ಲ.

ಬೀಜ ಮಿಕ್ಕಿದೆ, ಮಣ್ಣಿಗೆ ಹದವೂ ಇದೆ. ಮತ್ತೆ ಬಿತ್ತುತ್ತೇನೆ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ, ನಿನ್ನವರು ಬಯಲಲ್ಲಿ ಕೂತು ತಿಂಡಿ ತಿನ್ನುವ ಹೊತ್ತಿಗೆ, ಬೇಲಿಯುದ್ದಕ್ಕೂ ಕೋಳಿಗೊಬ್ಬರ ಹರಡಿಸುತ್ತೇನೆ. ಗಾಳಿ ನಿನ್ನ ಕಡೆಗೇ ಬೀಸುತ್ತಿದೆ.

ಹಳ್ಳಿಯ ಗಾಳಿಗೆಂದೇ ಅಷ್ಟು ದೂರದಿಂದ ಬಂದವರು, ಎದೆ ತುಂಬ ಕುಡಿದು ಹೋಗಲಿ ಎಂದು ಹಾರೈಸುವ,

ನಿನ್ನ ತಂಗಿ