ಮಲಾಡಿನ ಗಿರಾಕಿ

ಸಾಂತಾಕ್ರೂಜ್,
೨೧-೧೧-೧೯೮೯

ಅಮ್ಮನಿಗೆ,

ನಮಸ್ಕಾರ. ಅಕ್ಕ, ಮಗು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಅಪ್ಪ ಕ್ಷೇಮ. ನಾನು ಕ್ಷೇಮವೋ ಅಲ್ಲವೋ, ಪೂರ್ತಿ ಓದಿ ನೀನೇ ತೀರ್ಮಾನಿಸು. ಅಕ್ಕನ ಬಾಣಂತನಕ್ಕೆಂದು ಮೈಸೂರಿಗೆ ಹೋದವಳು ಅಲ್ಲಿ ಕೂತು ಏನೇನು ಮಾಡಿದ್ದೀಯೆಂದು ನನಗೆ ಗೊತ್ತಾಗಿದೆ. ಬರೆಯಲು ಕೂತು ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ಸಿಟ್ಟಿಗೆ, ಬೇರೇನಕ್ಕೂ ಅಲ್ಲ.

ಎಷ್ಟು ಸಲ ಹೇಳಿದರೂ ನೀನು ಊರಿಗೆಲ್ಲ "ಮಗಳು ಕಂಪ್ಯೂಟರಿನಲ್ಲಿದ್ದಾಳೆ" ಎನ್ನುತ್ತೀಯೇ ಹೊರತು ಮಾರಾಟ ಎಂಬ ಮಾತು ನಿನ್ನ ಬಾಯಿಂದ ಹೊರಡುವುದಿಲ್ಲ. ನಾನು ಮಾರುವವಳೇ ಅಮ್ಮ. ಒಬ್ಬೊಬ್ಬರ ಅಳತೆಗೆ ರವಿಕೆ ಹೊಲಿಯುವ ಹಾಗೆ, ಒಂದೊಂದು ವ್ಯಾಪಾರಕ್ಕೆ ಬೇಕಾದಂತೆ ನಮ್ಮ ಕಂಪನಿಯವರು ಪ್ರೋಗ್ರಾಂ ಬರೆದು ಕೊಡುತ್ತಾರೆ. ಅಳತೆ ತೆಗೆದುಕೊಂಡು ಆರ್ಡರ್ ತರುವುದು ನನ್ನ ಕೆಲಸ. ಈ ತಿಂಗಳೊಳಗೆ ಒಂದಾದರೂ ಆರ್ಡರ್ ತಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಇದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ನೀನು ಮಲಾಡಿನ ರಾಮಸ್ವಾಮಿಯವರ ವಿಳಾಸ ಕಳಿಸಿದೆ. ಮೈಸೂರಿನಿಂದ ಅಗರಬತ್ತಿ ತರಿಸಿ ಇಲ್ಲಿನ ಅಂಗಡಿಗಳಿಗೆ ಹಂಚುವವರು, ಕಂಪ್ಯೂಟರ್ ಹಾಕಿಸಬೇಕಂತೆ, ಹೋಗಿ ನೋಡು ಎಂದು ಬರೆದಿದ್ದೆ. ಕೊನೆಗೂ ಅಮ್ಮನಿಗೆ ನನ್ನ ಕೆಲಸ ಅರ್ಥವಾಯಿತಲ್ಲ ಎಂದು ಆ ಕಾಗದ ಓದಿ ನನಗೆ ಕಣ್ಣೀರೇ ಬಂದಿತ್ತು.

ಮೊದಲ ಸಲ ಹೋದಾಗ ಗೋಡೌನಿನ ಧೂಳಿನಲ್ಲಿ ನಿಂತು, ಯಾವ ಪರಿಮಳದ್ದು ಬೇಗ ಖರ್ಚಾಗುತ್ತದೆ, ಯಾವ ಅಂಗಡಿಯಿಂದ ಮಾಲು ವಾಪಸು ಬರುತ್ತದೆ ಎಂದೆಲ್ಲ ಕೇಳಿದೆ. ರಾಮಸ್ವಾಮಿಯವರು ಉತ್ತರ ಕೊಡುವ ಬದಲು ನಮ್ಮ ಗೋತ್ರ ಕೇಳಿದರು. ಅವರ ಹೆಂಡತಿ ಸುಮಿತ್ರಾ, ಕನ್ನಡಕ ಬಂದು ಎಷ್ಟು ವರ್ಷವಾಯಿತು ಎಂದರು. ನಮ್ಮ ಕಡೆಯವರು, ಕೇಳುತ್ತಾರೆ ಎಂದುಕೊಂಡೆ. ಗಿರಾಕಿ ಏನೇ ಕೇಳಲಿ, ನಗುನಗುತ್ತಾ ಉತ್ತರ ಕೊಡಬೇಕು, ಎದುರಾಡಬಾರದು ಎಂದು ಕಂಪನಿಯಲ್ಲಿ ಕಲಿಸಿದ್ದಾರೆ. ನಗುನಗುತ್ತಲೇ ಕೊಟ್ಟೆ. ಅವರ ಮಗ ಕೇಶವಮೂರ್ತಿಯೊಬ್ಬರೇ ಕೆಲಸದ ಮಾತಾಡಿದರು.

ಎರಡನೇ ಸಲ ಪ್ರೋಗ್ರಾಂ ತೋರಿಸುವ ದಿನ. ಗೋಡೌನಿನ ಧೂಳು ಯಂತ್ರಕ್ಕೆ ಆಗುವುದಿಲ್ಲ, ಮನೆಗೇ ತಾ ಎಂದು ಸುಮಿತ್ರಾ ಹೇಳಿಕಳಿಸಿದ್ದರು. ಎಷ್ಟು ತಿಳಿದವರು ಎಂದು ಮೆಚ್ಚಿಕೊಂಡು, ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹೇರಿಕೊಂಡು ಹೋದೆ. ಉಪ್ಪಿಟ್ಟು, ಕೇಸರಿಭಾತು ಬಂತು. ಆಗಲಾದರೂ ನನಗೆ ಬುದ್ಧಿ ಓಡಬೇಕಿತ್ತು. ಸ್ವಿಚ್ ಹಾಕುವ ಹೊತ್ತಿಗೆ ಆಕೆ, "ಹೊಸ ಯಂತ್ರ ಅಲ್ವೇನಮ್ಮಾ, ಒಂದು ದೇವರನಾಮ ಹೇಳಿ ಶುರು ಮಾಡು" ಎಂದರು. ಹಾಡಿದೆ ಅಮ್ಮ! ಆರ್ಡರ್ ಸಿಗಲಿ ಎಂದು, ಮಾನಿಟರಿನ ಪಕ್ಕ ನಿಂತು, ಪೂರ್ತಿ ಹಾಡಿದೆ. ಕೇಶವಮೂರ್ತಿ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಆರ್ಡರ್ ಬಂದ ಹಾಗೆಯೇ ಎಂದು ಆಫೀಸಿನ ಸಾಹೇಬರಿಗೆ ಹೇಳಿಬಿಟ್ಟೆ. ನಿನ್ನೆ ಅವರೆದುರಿಗೇ ಮಲಾಡಿಗೆ ಫೋನ್ ಮಾಡಿದೆ. ರಾಮಸ್ವಾಮಿಯವರು, "ನಾವೆಲ್ಲ ಒಪ್ಪಿದೀವಮ್ಮ, ನಿಮ್ಮ ತಾಯಿಗೆ ಕಾಗದಾನೂ ಹಾಕಿದೀವಲ್ಲ" ಎಂದರು. ಪ್ರೋಗ್ರಾಮಿಗೂ ನಮ್ಮ ತಾಯಿಗೂ ಏನು ಸಂಬಂಧ ಎಂದು ನಾನು ಪೆದ್ದಿಯ ಹಾಗೆ ಕೇಳಿದೆ. ಅವರು ನಕ್ಕರು. "ಅದೆಲ್ಲ ಒಂದು ನೆಪ. ಹೆಣ್ಣು ನೋಡೋಕೆ ಅಂದ್ರೆ ನೀನು ಒಪ್ಪಲ್ಲ, ಹೀಗೆ ಕರೆಸಿ ಅಂತ ಅವರೇ ಬರೆದಿದ್ರು. ಮದುವೆ ಆದ್ಮೇಲೆ ಈ ಬ್ಯಾಗು ಹಿಡ್ಕೊಂಡು ಅಲೆಯೋದು ಬಿಡ್ತಾಳೆ ಅಂತಾನೂ ಬರೆದಿದ್ರು" ಎಂದರು. ಎದುರಿಗೆ ಸಾಹೇಬರು ಆರ್ಡರಿನ ಕಾಗದ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿಕೊಂಡು ಕೂತಿದ್ದರು.

ಹೇಳಮ್ಮ, ನಾನು ಕೆಲಸ ಬಿಡುತ್ತೇನೆಂದು ಬರೆದುಕೊಡಲು ನಿನಗೆ ಯಾರು ಹೇಳಿದರು? "ಹುಡುಗಿ ನಗುಮುಖದವಳು, ಎದುರು ಮಾತಾಡುವುದಿಲ್ಲ" ಎಂದು ಮೆಚ್ಚಿದರಂತೆ. ಅದು ನನ್ನ ನಗುವಲ್ಲ, ಸಂಬಳದ ನಗು! ಬಿಸಿಲಲ್ಲಿ ಮೆಟ್ಟಿಲು ಹತ್ತಿಳಿದು ಕಲಿತದ್ದನ್ನೆಲ್ಲ ಅವರೆದುರು ಇಟ್ಟೆ, ಅವರು ನನ್ನ ಜಡೆ ನೋಡುತ್ತಿದ್ದರು. ನೇರವಾಗಿ ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ನಿಜ. ಆ ಬೇಡ ಎನ್ನುವ ಮಾತನ್ನೂ ನೀನು ನನಗೆ ಉಳಿಸಲಿಲ್ಲ. ಅಪ್ಪನನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತಲಿಲ್ಲ. ಅವರಿಗೂ ಗೊತ್ತಿತ್ತು ಎಂದಾಯಿತು.

ಈ ಸಂಬಂಧ ನನಗೆ ಬೇಡವೆಂದು ರಾಮಸ್ವಾಮಿಯವರಿಗೆ ನಾನೇ ಬರೆದು ಹಾಕಿದ್ದೇನೆ. ನೀನು ಮತ್ತೆ ತೇಪೆ ಹಚ್ಚಲು ಹೋಗಬೇಡ. ಮಗುವಿಗೆ ಮುತ್ತು ಕೊಡು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ಇಷ್ಟಾದರೂ ನಿನ್ನ ಮಗಳೇ,
ವಾರಿಜಾ

ತಾ.ಕ.: ಸಿಟ್ಟಿನಲ್ಲಿ ಕಾಗದ ಅಂಚೆಗೆ ಹಾಕುವುದೇ ಮರೆತು ಎರಡು ದಿನವಾಯಿತು. ಇವತ್ತು ಕೇಶವಮೂರ್ತಿ, ನಾನು ಅವರ ತಂದೆಗೆ ಬರೆದ ಕಾಗದ ನೋಡಿ, ಆಫೀಸಿಗೆ ಬಂದಿದ್ದರು. ಅವರಿಗೂ ಏನೂ ಗೊತ್ತಿರಲಿಲ್ಲವಂತೆ. ಮಾರಲು ಬಂದವರ ಕೈಲಿ ತಮ್ಮ ತಾಯಿ ಹಾಡಿಸಿದ್ದಕ್ಕೆ ಅವತ್ತು ರಾತ್ರಿ ಊಟ ಬಿಟ್ಟಿದ್ದರಂತೆ. "ನನ್ನನ್ನೂ ಯಾರೂ ಕೇಳಿರಲಿಲ್ಲ ರೀ" ಎಂದರು. ಪ್ರೋಗ್ರಾಂ ತಮಗೆ ನಿಜವಾಗಿಯೂ ಬೇಕು, ವಾಪಸು ಬರುವ ಮಾಲಿನ ಲೆಕ್ಕ ಮಾತ್ರ ಇನ್ನೊಂದು ರೀತಿ ಇರಲಿ ಎಂದು ಹೇಳಿ ಆರ್ಡರಿಗೆ ಸಹಿ ಹಾಕಿದರು. ನನ್ನ ಕೆಲಸ ಕಾಯಂ ಆಯಿತು. ಇನ್ನು ಪ್ರೋಗ್ರಾಂ ಸರಿಯಾಗಿ ಕೂರುವವರೆಗೆ ಪ್ರತಿ ಶನಿವಾರ ಮಲಾಡಿಗೆ ಹೋಗಬೇಕು. ಕೆಲಸಕ್ಕೆ. ನೀನು ಖುಷಿಪಡಬೇಡ.