ಸನ್ಮಾನಕ್ಕೆ ಬೆಳಗ್ಗೆ ಹತ್ತು ಗಂಟೆಯೇ ಏಕೆ?

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಹುಡುಗಿಯರಿಗೆ ಇಪ್ಪತ್ತೇಳು ವರ್ಷಗಳಿಂದ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿರುವ ನನ್ನ ಸೊಸೆಯನ್ನು ಬರುವ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಸಭಾಂಗಣದಲ್ಲಿ ಸನ್ಮಾನಿಸಿ, ಆ ಗಳಿಗೆಯಿಂದಲೇ ‘ಗೌರವ ಸಲಹೆಗಾರ್ತಿ’ಯನ್ನಾಗಿ ಮಾಡುತ್ತೀರಂತೆ. ಅದೇ ಶನಿವಾರ ಹತ್ತೂವರೆಗೆ ಅವಳ ತಂಡ ಹೊರಗಿನ ಅಂಕಣದಲ್ಲಿ ಸೆಮಿಫೈನಲ್ ಆಡಲಿದೆ. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವಳು. ಗಡಿಯಾರ ನೋಡಲು ಅಷ್ಟು ಓದು ಸಾಕು. ಇದು ಸನ್ಮಾನವಲ್ಲ, ಆಟದ ಹೊತ್ತಿಗೆ ಅವಳನ್ನು ಕುರ್ಚಿಗೆ ಕಟ್ಟಿಹಾಕುವ ಉಪಾಯ ಎಂಬುದು ನನ್ನ ಅನುಮಾನ.

ಅನುಮಾನ ಪಡುವುದು ನನಗೆ ಹೊಸದಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಮದುವೆಯಾದ ಹೆಣ್ಣು ಚೆಂಡಿನ ಹಿಂದೆ ಓಡುವುದು ಎಂಥ ಉದ್ಯೋಗ ಎಂದು ಪತ್ತೆ ಮಾಡಲು ಹೇಳದೆ ಕೇಳದೆ ಹಿಂಬಾಲಿಸಿದ್ದೆ. ಅಂಕಣಕ್ಕೆ ಇಳಿಯುವ ಹನ್ನೆರಡು ಮೆಟ್ಟಿಲುಗಳ ತುದಿಯಲ್ಲಿ ಮರೆಯಾಗಿ ಕೂತೆ. ಅವಳು ಹಿಂತಿರುಗಿಯೂ ನೋಡದೆ ಕೆಳಗಿನಿಂದ ಕೂಗಿದಳು: “ಅತ್ತೆ, ಅಲ್ಲಿ ಬಿಸಿಲು. ಈ ಕಡೆ ಬಂದು ಕೂತ್ಕೊಳ್ಳಿ.” ಅಂದಿನಿಂದ ವಾರಕ್ಕೆ ಎರಡು ಸಲ ಅಲ್ಲೇ ಕೂರುತ್ತೇನೆ. ಅವಳ ಕೆಲಸ ನನಗೆ ಗೊತ್ತಿರುವಷ್ಟು ನಿಮ್ಮ ಕಡತಗಳಿಗೂ ಗೊತ್ತಿಲ್ಲ.

ಕಳೆದ ಸೋಮವಾರವೂ ಕೂತಿದ್ದೆ. ನಿಮ್ಮ ತಂಡದ ಅತಿ ಎತ್ತರದ ಹುಡುಗಿ, ಗೆಳತಿಯರು ಕೊಕ್ಕರೆ ಎಂದು ಕರೆಯುವವಳು, ಮೊಣಕಾಲು ಉಳುಕಿಸಿಕೊಂಡು ಮೂರು ವಾರವಾಗಿತ್ತು. ಪೆಟ್ಟು ಬಿದ್ದವರು ಆ ಮೆಟ್ಟಿಲುಗಳನ್ನು ಪಕ್ಕದ ಕಂಬಿ ಮುಟ್ಟದೆ ಇಳಿದು ತೋರಿಸಬೇಕು, ಆಮೇಲೇ ಆಟ. ಇದು ನನ್ನ ಸೊಸೆಯ ಕಟ್ಟುಪಾಡು. ಹತ್ತುವಾಗ ಯಾರು ಬೇಕಾದರೂ ನಟಿಸಬಹುದು, ಇಳಿಯುವಾಗ ಮೊಣಕಾಲು ನಟಿಸುವುದಿಲ್ಲ ಎನ್ನುತ್ತಾಳೆ. ಕೊಕ್ಕರೆ ಆರು ಮೆಟ್ಟಿಲು ಚೆನ್ನಾಗಿಯೇ ಇಳಿದಳು. ಏಳನೆಯದಕ್ಕೆ ಕೈ ಕಂಬಿಗೆ ಹೋಯಿತು.

“ಸುಮ್ನೆ ಮುಟ್ಟಿದೆ ಮೇಡಂ, ಹಿಡ್ಕೊಳ್ಳಲಿಲ್ಲ!”

“ಮುಟ್ಟಿದ್ಯಲ್ಲ, ಸಾಕು. ಶನಿವಾರ ಬೆಂಚು.”

ಹುಡುಗಿ ಅತ್ತಳು. ನೀವೂ ಅಲ್ಲೇ ಇದ್ದಿರಿ. “ಒಂದು ಕೈ ತಗುಲಿದ್ದಕ್ಕೆ ಕಪ್ ಕಳ್ಕೋಬೇಕಾ ಮೇಡಂ?” ಎಂದಿರಿ. ನನ್ನ ಸೊಸೆ ಚೆಂಡುಗಳನ್ನು ಚೀಲಕ್ಕೆ ತುಂಬಿದಳು. ಗುರುವಾರ ಆಹ್ವಾನ ಪತ್ರಿಕೆ ಬಂತು.

ಇಪ್ಪತ್ತೈದು ವರ್ಷ ತುಂಬಿದಾಗ ನಿಮಗೆ ನೆನಪಾಗಲಿಲ್ಲ, ಮೂವತ್ತಾಗುವವರೆಗೆ ಕಾಯುವ ತಾಳ್ಮೆಯೂ ಇಲ್ಲ. ಇಪ್ಪತ್ತೇಳಕ್ಕೆ ಯಾರು ಸನ್ಮಾನ ಮಾಡುತ್ತಾರೆ ಸ್ವಾಮಿ? ಹನ್ನೊಂದು ಕಪ್ ತಂದುಕೊಟ್ಟಳು. ಹನ್ನೊಂದು ಫೋಟೋಗಳಲ್ಲೂ ಕಪ್ ಪ್ರಾಂಶುಪಾಲರ ಕೈಯಲ್ಲಿದೆ, ಇವಳು ಅಂಚಿನಲ್ಲಿ ಅರ್ಧ ಮುಖ. ಈಗ ಇದ್ದಕ್ಕಿದ್ದಂತೆ ನಡುವಿನ ಕುರ್ಚಿ! ಪತ್ರಿಕೆ ತಂದ ನಿಮ್ಮ ಗುಮಾಸ್ತರನ್ನು ಕೂರಿಸಿ ಚಹಾ ಕೊಟ್ಟು ವಿಚಾರಿಸಿದೆ.

“ಮೇಡಂ ಎಷ್ಟು ದುಡಿದ್ರು ಅಮ್ಮ, ಇನ್ನು ರೆಸ್ಟ್ ತಗೊಳ್ಲಿ ಅಂತ ಸಾಹೇಬ್ರ ಆಸೆ.”

“ಸಾಹೇಬ್ರ ಆಸೆ ಇರ್ಲಿ. ಸಮಯದ ಮೇಲೆ ಚೀಟಿ ಯಾಕೆ ಅಂಟ್ಸಿದ್ದೀರಿ?”

ಅವರು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದುಹೋದರು. ನಾನು ಪತ್ರಿಕೆಯನ್ನು ಕೆಟಲಿನ ಹಬೆಗೆ ಹಿಡಿದೆ. ‘ಬೆಳಗ್ಗೆ ಹತ್ತು’ ಎಂಬ ಚೀಟಿ ಮೆಲ್ಲಗೆ ಎದ್ದಿತು. ಕೆಳಗೆ ಅಚ್ಚಾಗಿದ್ದದ್ದು ‘ಸಂಜೆ ನಾಲ್ಕು’. ಸಂಜೆಗಾದರೆ ಅವಳು ಬೆಳಗ್ಗೆ ಅಂಕಣದಲ್ಲಿರುತ್ತಾಳೆ, ಕೊಕ್ಕರೆ ಬೆಂಚಿನ ಮೇಲಿರುತ್ತಾಳೆ ಎಂಬುದು ಅಚ್ಚಾದ ಮೇಲೆ ಯಾರಿಗೆ ಹೊಳೆಯಿತು? ಅಂಟು ಹಚ್ಚಿದ ಕೈ ಯಾರದು?

“ಹೋಗಲ್ಲ ಅಂತ ಹೇಳು” ಎಂದು ಸೊಸೆಗೆ ಹೇಳಿದೆ.

“ಬೇಡ ಅಂದ್ರೆ ಅಹಂಕಾರ ಅಂತಾರೆ ಅತ್ತೆ. ಅದಕ್ಕೇ ತಾನೇ ಸನ್ಮಾನ ಅಂತ ಹೆಸರಿಟ್ಟಿರೋದು” ಎಂದಳು.

ಕಂಬಿ ಮುಟ್ಟಿದ್ದು ಅಷ್ಟು ದೊಡ್ಡ ಸಂಗತಿಯೇ ಎಂದು ನಗುವವರಿಗೆ ಒಂದು ವಿಷಯ ಹೇಳಬೇಕು. ನಾಲ್ಕು ವರ್ಷದ ಹಿಂದೆ ನಾನು ಸ್ನಾನದ ಮನೆಯಲ್ಲಿ ಜಾರಿದೆ. ಮೊಮ್ಮಗಳ ಮದುವೆ ಹತ್ತಿರವಿತ್ತು, ಯಾರಿಗೂ ಹೇಳಲಿಲ್ಲ. ಮರುದಿನ ಮಹಡಿಯಿಂದ ಇಳಿಯುತ್ತಿದ್ದಾಗ ಸೊಸೆ ಕೆಳಗೆ ನಿಂತಿದ್ದಳು.

“ಅತ್ತೆ, ಗೋಡೆ ಯಾಕೆ ಹಿಡ್ಕೊಂಡ್ರಿ?”

“ನನ್ನ ಮನೆ ಗೋಡೆ, ಹಿಡ್ಕೋತೀನಿ. ನಿನಗೇನು?”

“ಇವತ್ತೇ ಡಾಕ್ಟರ ಹತ್ರ ಹೋಗೋಣ.”

ನಾನು ಹೋಗಲಿಲ್ಲ. ಮದುವೆಯಲ್ಲಿ ಮೂರು ದಿನ ಓಡಾಡಿದೆ. ಒಂದು ವಾರ ಮೊದಲೇ ಬಂದಿದ್ದರೆ ಸಾಕಿತ್ತು ಎಂದರು ಡಾಕ್ಟರು. ಅಂದಿನಿಂದ ಈ ಕೋಲು. ಅವಳು ಹೇಳಿದ್ದು ಸರಿ ಎಂದು ಮನೆಯಲ್ಲಿ ಇಂದಿಗೂ ಒಪ್ಪಿಕೊಂಡವಳಲ್ಲ, ಊರೆಲ್ಲ ಓದುವ ಈ ದಿನಪತ್ರಿಕೆಯಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ನನಗೆ ಎಪ್ಪತ್ತಾರು, ಕೋಲು ಹೊಂದುತ್ತದೆ. ಕೊಕ್ಕರೆಗೆ ಹತ್ತೊಂಬತ್ತು. ಹಿಂದೊಮ್ಮೆ ಹೀಗೇ ಬೆಂಚಿನಲ್ಲಿ ಕೂತು ನನ್ನ ಸೊಸೆಯನ್ನು ಶಪಿಸಿದ ಹುಡುಗಿಯೊಬ್ಬಳು ಈಗ ನಮ್ಮ ಬೀದಿಗೆ ಅಂಚೆ ಹಂಚುತ್ತಾಳೆ. ಆ ವರ್ಷದ ಕಪ್ ಹೋಯಿತು. ಅವಳು ದಿನಾ ನಮ್ಮ ಮನೆ ಮೆಟ್ಟಿಲು ಹತ್ತಿ, ಏನನ್ನೂ ಹಿಡಿಯದೆ ಇಳಿದುಹೋಗುತ್ತಾಳೆ.

ಆದ್ದರಿಂದ ಆ ಚೀಟಿ ಕಿತ್ತುಹಾಕಿ. ಸನ್ಮಾನ ಅಚ್ಚಾದಂತೆ ಸಂಜೆ ನಾಲ್ಕಕ್ಕೇ ಇರಲಿ, ನಾನೇ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ. ಬೆಳಗ್ಗೆ ಹತ್ತೂವರೆಗೆ ಸೀಟಿ ಅವಳ ಕೊರಳಲ್ಲೇ ಇರಬೇಕು. ಇಲ್ಲದಿದ್ದರೆ ‘ಕುಟುಂಬದವರು’ ಎಂದು ಬರೆದಿಟ್ಟ ನನ್ನ ಕುರ್ಚಿ ಖಾಲಿ ಇರುತ್ತದೆ. ನಾನು ಆ ಹನ್ನೆರಡು ಮೆಟ್ಟಿಲುಗಳ ಕೆಳಗೆ ಕೂತಿರುತ್ತೇನೆ. ಅಂಕಣಕ್ಕೆ ಬೇರೆ ದಾರಿಯಿಲ್ಲ. ಕೊಕ್ಕರೆ ನನ್ನ ಕಣ್ಣೆದುರೇ ಇಳಿಯಲಿ. ಕೈ ಕಂಬಿಗೆ ಹೋದರೆ ಕೊನೆಯ ಮೆಟ್ಟಿಲಿಗೆ ನನ್ನ ಕೋಲು ಅಡ್ಡ ಬೀಳುತ್ತದೆ. ಅದನ್ನು ದಾಟಿ ಹೋಗು ಎಂದು ಹುಡುಗಿಗೆ ಹೇಳಲು ನೀವೇ ಬರಬೇಕಾಗುತ್ತದೆ.

ಇಂತಿ,
ಸೊಸೆಯ ಮಾತನ್ನು ಒಂದು ವಾರ ತಡವಾಗಿ ನಂಬಿದ
ಅತ್ತೆ