ಆಲೂಗಡ್ಡೆ ಸಾಗು, ಆರು ಚಪಾತಿ

ಚಾಮರಾಜಪೇಟೆ

ಪ್ರೀತಿಯ ಅಮ್ಮ,

ಬೆಳಗಿನ ಜಾವ ಮೂರೂ ಇಪ್ಪತ್ತು. ನನ್ನನ್ನು ಎಬ್ಬಿಸಿದ್ದು ಧೃತಿಯ ಅಳುವಲ್ಲ, ಅಡುಗೆಮನೆಯಲ್ಲಿ ಚಪಾತಿ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಮಾತಾಡಿದರೆ ಮಗು ಏಳುತ್ತೆ, ಅದಕ್ಕೇ ಮೊಬೈಲಲ್ಲಿ ಈ ಕಾಗದ.

ಬಾಣಂತನ ಮುಗಿಸಿ ಬಂದಮೇಲೆ ನಿನ್ನೆಯೇ ಮೊದಲು ನಾನು ಒಲೆ ಮುಂದೆ ನಿಂತಿದ್ದು. ಆಲೂಗಡ್ಡೆ, ಬಟಾಣಿ ಕುಕ್ಕರಿನಲ್ಲಿ ಎರಡು ವಿಷಲ್, ತೆಂಗಿನಕಾಯಿ ಮಸಾಲೆ, ಆರು ಚಪಾತಿ. ಅಷ್ಟೇ! ನಾನು ಒಂದು ತಿಂದೆ. ಸಂಜೆ ಮಗು ಅತ್ತಿತು. "ಓದಿದೋಳು ನೋಡು, ಕೂಸಿಗೆ ಹಾಲಿನ ಜೊತೆ ವಾಯುನೂ ಕುಡಿಸ್ತಾಳೆ" ಅಂದರು ಅತ್ತೆ. ಇವರು ತಟ್ಟೆ ನೋಡುತ್ತಾ ಕೂತಿದ್ದರು. ಇವತ್ತು ಬೆಳಗಾದಮೇಲೆ ಮಗುವಿಗೆ ನನ್ನ ಹಾಲು ಬೇಡವಂತೆ, ಅತ್ತೆ ಡಬ್ಬಿ ಹಾಲು ತರಿಸಿಟ್ಟಿದ್ದಾರೆ.

ಈಗ ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ನಿಂತುಕೊಂಡೇ ಅದೇ ಸಾಗುವಿನಲ್ಲಿ ಚಪಾತಿ ಅದ್ದಿ ತಿನ್ನುತ್ತಿದ್ದಾರೆ, ಎರಡನೆಯದು! ನನಗೆ ಮಾತ್ರ ರಾತ್ರಿ ಬರೀ ಮೆಣಸಿನ ಸಾರು, ಅನ್ನ.

ಕೋಪ ಇರಲಿ. ನಿಜವಾಗಲೂ ನನ್ನಿಂದಲೇ ಅತ್ತಿತಾ ಅಮ್ಮ? ನನಗೆ ಹಾಲು ಕುಡಿಸುವಾಗ ನೀನೂ ಆಲೂಗಡ್ಡೆ ತಿಂದಿದ್ದೆ ತಾನೆ? ನಾನು ಹೇಳಿದರೆ ಎದುರುತ್ತರ ಆಗುತ್ತೆ, ನೀನು ಹೇಳು. ಬೆಳಗಾಗಿ ಆ ಹಾಲಿನ ಡಬ್ಬಿ ಒಡೆಯೋ ಮೊದಲು ಅತ್ತೆಗೆ ಫೋನ್ ಮಾಡಮ್ಮ, ದಮ್ಮಯ್ಯ. ಅವರು ಹೇಗೂ ಎಚ್ಚರವಾಗೇ ಇದ್ದಾರೆ.

ನಿನ್ನ
ಮೇಘಾ